ತಾರಸಿಯ ಬೀಗ, ಹೊಂಬಾಳಮ್ಮನ ನಾಲಿಗೆ

ಹತ್ತಿರ ಬನ್ನಿ, ಇನ್ನೂ ಹತ್ತಿರ ಬನ್ನಿ. ಬಾಯಲ್ಲಿರುವುದನ್ನು ನುಂಗಿ ಕೂತುಕೊಳ್ಳಿ. ನಗುವಾಗ ಗಂಟಲಿಗೆ ಸಿಕ್ಕಿಕೊಂಡರೆ ಆಮೇಲೆ ನನ್ನ ಮೇಲೆ ಹೇಳಬೇಡಿ. ಊರಿನ ಹೆಸರು ಕೇಳಬೇಡಿ. ಹೇಳಿದರೆ ಆ ಊರಿನವರು ಜಗಳಕ್ಕೆ ಬರುತ್ತಾರೆ. ಹೇಳದಿದ್ದರೆ ಎಲ್ಲ ಊರಿನವರೂ ನಮ್ಮೂರೇ ಇರಬೇಕು ಅಂದುಕೊಳ್ಳುತ್ತಾರೆ.

ಆ ಊರಿನ ಸಂತೆಬೀದಿಯಲ್ಲಿ ಹೊಂಬಾಳಮ್ಮ ಅಂತ ಒಬ್ಬಳಿದ್ದಳು. ಮನೆಯಲ್ಲೇ ದೋಸೆ ಹಿಟ್ಟು ರುಬ್ಬಿ ಮಾರುತ್ತಿದ್ದಳು. ಅವಳ ಹಿಟ್ಟು ಬೆಣ್ಣೆಯಂಥದ್ದು, ನಾಲಿಗೆ ಮಾತ್ರ ಈಳಿಗೆಮಣೆಯಂಥದ್ದು. ಅವಳಿಗೆ ಒಬ್ಬನೇ ಮಗ, ಚೆಲುವ. ಮೈ ನೋಡಿದರೆ ಎತ್ತು, ಮನಸ್ಸು ನೋಡಿದರೆ ಹಾಲು, ತಲೆ ನೋಡಿದರೆ ಕೂದಲು. ಅಷ್ಟೇ, ಅದರೊಳಗೆ ಹುಡುಕಬೇಡಿ.

ಚೆಲುವ ಅವ್ವ ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡುತ್ತಿದ್ದ. ಬೀದಿಯ ಬೇರೆ ತಾಯಂದಿರು "ನನ್ನ ಮಗ ನನ್ನ ಮಾತೇ ಕೇಳಲ್ಲ" ಎಂದು ಅಳುತ್ತಿದ್ದರು. ಹೊಂಬಾಳಮ್ಮ "ನನ್ನ ಮಗ ನನ್ನ ಮಾತು ಕೇಳ್ತಾನಲ್ಲಪ್ಪಾ" ಎಂದು ಅಳುತ್ತಿದ್ದಳು.

ಹಗಲೆಲ್ಲ ಗ್ರೈಂಡರು ಗರಗರ ಅನ್ನುತ್ತಿತ್ತು. ತಿಂಗಳ ಕೊನೆಗೆ ಕರೆಂಟ್ ಬಿಲ್ಲು ಬಂದು ಅವಳ ದುಡಿಮೆಯನ್ನೆಲ್ಲ ದೋಸೆಯ ಹಾಗೆ ಮಡಚಿಕೊಂಡು ಹೋಗುತ್ತಿತ್ತು. ಒಂದು ದಿನ ಹಿಟ್ಟಿಗೆ ಬಂದ ಸೋಲಾರ್ ಅಂಗಡಿಯ ದಸ್ತಗೀರ್ ಹೇಳಿದ, "ಅಕ್ಕಾ, ನಿಮ್ಮ ತಾರಸಿ ಮೇಲೆ ಬಿಸಿಲು ಸುಮ್ನೆ ಬಿದ್ದು ಹಾಳಾಗ್ತಾ ಐತೆ. ನಾಲ್ಕು ಪ್ಯಾನೆಲ್ ಹಾಕ್ಸಿ. ಗ್ರೈಂಡರು ಬಿಸಿಲಲ್ಲೇ ತಿರುಗ್ತದೆ. ಆದ್ರೆ ಮೊದಲು ಕರೆಂಟ್ ಆಫೀಸಲ್ಲಿ ಪರ್ಮಿಶನ್ ತಗೋಬೇಕು. ನಾನು ಕೂರಿಸಿದ ಮೇಲೆ ಎಂಜಿನಿಯರ್ ಸಾಹೇಬ್ರು ಬಂದು ನೋಡಿ ಸರಿ ಅನ್ನಬೇಕು. ಆಮೇಲೆ ಹೊಸ ಮೀಟರು. ಅಲ್ಲೀತಂಕ ಸ್ವಿಚ್ ಹಾಕೋ ಹಾಗಿಲ್ಲ."

"ಬಿಸಿಲಿಗೂ ಪರ್ಮಿಶನ್ನಾ?"

"ಬಿಸಿಲಿಗಲ್ಲ ಅಕ್ಕಾ, ತಂತಿಗೆ."

ಹೊಂಬಾಳಮ್ಮ ಅಕ್ಕಿ ನೆನೆ ಹಾಕಿದ್ದಳು, ಬಿಟ್ಟು ಹೋಗುವ ಹಾಗಿರಲಿಲ್ಲ. ಮಗನ ಕೈಗೆ ಅರ್ಜಿ ಕೊಟ್ಟು ಹೇಳಿದಳು, "ಕರೆಂಟ್ ಆಫೀಸಿಗೆ ಹೋಗ್ಲಾ. ಎಂಜಿನಿಯರ್ ಸಾಹೇಬ್ರ ಬಲಗೈಗೇ ಕೊಡು. ಮೇಜಿನ ಮೇಲಿಡಬೇಡ, ಇನ್ನೊಬ್ಬರಿಗೆ ಕೊಡಬೇಡ, ಬಲಗೈಗೇ ಕೊಡು."

"ಆಗ್ಲಿ ಕಣವ್ವಾ."

ಹೋದ. ಹೋದವನು ನೋಡುತ್ತಾನೆ, ಎಂಜಿನಿಯರ್ ಇಂದೂಧರ ಸಾಹೇಬರು ಟಿಫನ್ ಡಬ್ಬಿ ಬಿಚ್ಚಿ ಮೊಸರನ್ನ ಕಲಸುತ್ತಿದ್ದಾರೆ. ಬಲಗೈ ಮಣಿಕಟ್ಟಿನ ತನಕ ಮೊಸರು. ಸಾಹೇಬರು ಎಡಗೈ ಚಾಚಿದರು. "ಅದಲ್ಲ ಸ್ವಾಮಿ" ಎಂದ ಚೆಲುವ. ಬಲಗೈ ಹಿಡಿದೆಳೆದ, ಅರ್ಜಿ ಇಟ್ಟ, ಬೆರಳು ಮಡಚಿ ಗಟ್ಟಿಯಾಗಿ ಒತ್ತಿದ.

ಅರ್ಜಿ ಒಗ್ಗರಣೆ ಸಮೇತ ವಾಪಸ್ ಬಂತು.

"ಅಯ್ಯೋ ಪೆದ್ದ ಮುಂಡೇದೇ!" ಹೊಂಬಾಳಮ್ಮ ಹಣೆ ಚಚ್ಚಿಕೊಂಡಳು. "ಉಣ್ಣೋರ ಕೈಗೆ ಕಾಗದ ತುರುಕ್ತಾರೇನ್ಲಾ? ದೂರ ನಿಂತ್ಕೊಂಡು, ಅವರು ಕೈ ತೊಳೆಯೋ ತನಕ ಕಾಯಬೇಕು!"

"ಆಗ್ಲಿ ಕಣವ್ವಾ."

ಮರುದಿನ ಹೊಸ ಅರ್ಜಿ ಹಿಡಿದು ಹೋದ. ಹೋದವನು ಬಾಗಿಲ ಹತ್ತಿರ ನಿಂತ. ಸಾಹೇಬರು ಕಡತ ನೋಡಿದರು, ಇವನು ನಿಂತ. ಸಾಹೇಬರು ಫೋನಿನಲ್ಲಿ ಮಾತಾಡಿದರು, ಇವನು ನಿಂತ. "ಏನಪ್ಪಾ ಬೇಕು?" ಎಂದರು. ಇವನು ಕೈ ಮುಗಿದ, ಬಾಯಿ ಬಿಡಲಿಲ್ಲ, ನಿಂತೇ ನಿಂತ. ಆವತ್ತು ಏಕಾದಶಿ. ಸಾಹೇಬರಿಗೆ ಉಪವಾಸ. ಡಬ್ಬಿಯೂ ಇಲ್ಲ, ಮೊಸರೂ ಇಲ್ಲ, ಕೈ ತೊಳೆಯುವ ಮಾತೇ ಇಲ್ಲ. ಸಂಜೆ ಜವಾನ ಬಂದು ಬಾಗಿಲು ಹಾಕಿದ.

"ಯಾಕ್ಲಾ ಕೊಡ್ಲಿಲ್ಲ?"

"ಸಾಹೇಬ್ರು ಕೈ ತೊಳೀಲೇ ಇಲ್ಲ ಕಣವ್ವಾ. ಗಲೀಜು ಮನುಷ್ಯ."

ಹೊಂಬಾಳಮ್ಮನಿಗೆ ಎಲ್ಲಿತ್ತೋ ಸಿಟ್ಟು! ಬುದ್ಧಿ ಹೇಳಬೇಕಾದ ಬಾಯಿ ಕುಟುಕಿಬಿಟ್ಟಿತು. "ಹೌದಪ್ಪಾ ಹೌದು! ನೀನೇ ಒಂದು ಚೊಂಬು ನೀರು ತಗೊಂಡು ಹೋಗಿ ಸಾಹೇಬ್ರ ಕೈ ತೊಳ್ಸು! ತೊಳ್ಸಿ ಒರೆಸಿ ಆಮೇಲೆ ಕೊಡು!"

ಗಮನಿಸಿದಿರಾ? ಇದು ಬುದ್ಧಿಮಾತಲ್ಲ, ಚುಚ್ಚುಮಾತು. ಚುಚ್ಚಿದರೆ ನೋಯಬೇಕಾದರೂ ತಲೆ ಬೇಕಲ್ಲ? ಚೆಲುವನಿಗೆ ನೋಯಲಿಲ್ಲ.

"ಆಗ್ಲಿ ಕಣವ್ವಾ" ಎಂದ.

ಮರುದಿನ ಹಿತ್ತಾಳೆ ಚೊಂಬು ತುಂಬಿಕೊಂಡು, ಹೆಗಲಿಗೆ ಟವೆಲ್ಲು ಹಾಕಿಕೊಂಡು ಹೋದ. ಸಾಹೇಬರು ಊರಿನ ಕಡತಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. ಇವನು ನೇರ ಹೋಗಿ ಬಲಗೈ ಹಿಡಿದು ನೀರು ಸುರಿದ. ಜಳಜಳ! ಕಡತಗಳೆಲ್ಲ ಮಿಂದವು. ಸೀಲಿನ ಮಸಿ ಹೊಳೆಯಾಗಿ ಹರಿಯಿತು. ಸಾಹೇಬರು ಕುರ್ಚಿ ಹತ್ತಿ ನಿಂತರು.

"ಯಾರೋ ನೀನು? ಏನು ಬೇಕೋ ನಿನಗೆ?"

"ಮೊದಲು ಒರೆಸ್ತೀನಿ, ಇರಿ ಸ್ವಾಮಿ."

ಒರೆಸಿದ. ಅರ್ಜಿ ಕೊಟ್ಟ. ಸಾಹೇಬರು ಅಲ್ಲೇ, ಕುರ್ಚಿಯ ಮೇಲೆ ನಿಂತೇ ಓದಿದರು, ಅಲ್ಲೇ ಒಪ್ಪಿಗೆಯ ರುಜು ಹಾಕಿದರು. "ಕೈ ಮುಗೀತೀನಿ, ನೀನು ಮತ್ತೆ ಈ ಆಫೀಸಿನ ಮೆಟ್ಟಿಲು ಹತ್ತಬೇಡ. ಇನ್ಸ್‌ಪೆಕ್ಷನ್ನಿಗೆ ನಾನೇ ನಿಮ್ಮ ಮನೆಗೆ ಬರ್ತೀನಿ!"

ಮಗ ಪರ್ಮಿಶನ್ನು ಹಿಡಿದು ಬಂದದ್ದು ನೋಡಿ ಹೊಂಬಾಳಮ್ಮ ಹಿಗ್ಗಿದಳು. ನನ್ನ ಮಗನೂ ದಾರಿಗೆ ಬಂದ, ಎಲ್ಲ ನನ್ನ ಬಾಯಿಯ ಪುಣ್ಯ ಅಂದುಕೊಂಡಳು. ಸಂಜೆ ಚೊಂಬಿನ ಕತೆ ಬೀದಿಯವರ ಬಾಯಿಂದ ಕಿವಿಗೆ ಬಿತ್ತು. ಹಿಗ್ಗಿದ್ದು ಕುಗ್ಗಿತು.

ದಸ್ತಗೀರ್ ಬಂದ. ತಾರಸಿಯ ಮೇಲೆ ಕಬ್ಬಿಣದ ಕಾಲು ನೆಟ್ಟ, ನಾಲ್ಕು ಪ್ಯಾನೆಲ್ ಮಲಗಿಸಿ ಬೋಲ್ಟು ಬಿಗಿದ, ಕೆಳಗೆ ಗೋಡೆಗೊಂದು ಪೆಟ್ಟಿಗೆ ಹೊಡೆದ. ಚೆಲುವ ಪಕ್ಕದಲ್ಲೇ ನಿಂತು ಸ್ಪ್ಯಾನರ್ ಕೊಡುತ್ತ ಎಲ್ಲ ಕಣ್ಣರಳಿಸಿ ನೋಡಿದ. ಹೋಗುವಾಗ ದಸ್ತಗೀರ್ ಸ್ವಿಚ್ಚಿನ ಮಾತು ಮತ್ತೆ ನೆನಪಿಸಿದ. ಹೊಂಬಾಳಮ್ಮ ಮಗನ ಕಿವಿ ಹಿಂಡಿ ಹೇಳಿದಳು, "ಕೇಳಿಸ್ತೇನ್ಲಾ? ಸಾಹೇಬ್ರು ಬಂದು ನೋಡೋ ತನಕ ಯಾವ ಸ್ವಿಚ್ಚನ್ನೂ ಮುಟ್ಟಬೇಡ!"

"ಆಗ್ಲಿ ಕಣವ್ವಾ."

ಹೇಳಿ ಅವಳು ಉದ್ದಿನಬೇಳೆ ತರಲು ಅಂಗಡಿಗೆ ಹೋದಳು. ತಾರಸಿಯ ಟ್ಯಾಂಕಿಗೆ ನೀರು ಏರುತ್ತಿತ್ತು, ಪಂಪ್ ಓಡುತ್ತಿತ್ತು. ಟ್ಯಾಂಕು ತುಂಬಿತು. ಚೆಲುವ ಸ್ವಿಚ್ ನೋಡಿದ, ಮುಟ್ಟಲಿಲ್ಲ. ಟ್ಯಾಂಕು ಉಕ್ಕಿತು. ಚೆಲುವ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ತಾರಸಿ ತುಂಬಿ ನೀರು ತೂಬಿನಿಂದ ಧಡಧಡ ಪಕ್ಕದ ಮನೆಯ ಅಂಗಳಕ್ಕೆ ಬಿತ್ತು. ಅಲ್ಲಿ ಪಕ್ಕದ ಮನೆಯ ಗೌರಕ್ಕ ಚಾಪೆಗಟ್ಟಲೆ ಅಕ್ಕಿ ಸಂಡಿಗೆ ಒಣಗಿಹಾಕಿದ್ದಳು. ಸಂಡಿಗೆ ಮತ್ತೆ ಹಿಟ್ಟಾಯಿತು, ಹಿಟ್ಟು ಗಂಜಿಯಾಯಿತು, ಗಂಜಿ ಮೋರಿ ಸೇರಿತು.

"ಹೊಂಬಾಳೀ! ನಿನ್ನ ಮಗನಿಗೆ ಕಣ್ಣಿಲ್ವೇನೇ?" ಗೌರಕ್ಕ ಸೆರಗು ಕಟ್ಟಿ ಬಂದಳು.

"ಕಣ್ಣೈತೆ ಅಕ್ಕಾ, ಅದರ ಹಿಂದೆ ಏನೂ ಇಲ್ಲ" ಎಂದು ಆಗತಾನೆ ಅಂಗಡಿಯಿಂದ ಬಂದ ಹೊಂಬಾಳಮ್ಮ ಎರಡು ಸೇರು ಅಕ್ಕಿ ಅಳೆದು ಕೊಟ್ಟು ಕಳಿಸಿದಳು. ಆಮೇಲೆ ಮಗನ ಕಡೆ ತಿರುಗಿದಳು. "ನಿಂತು ನೋಡ್ತಿದ್ಯಲ್ಲೋ! ಬಿಸಿಲಿಗೆ ಇಟ್ಟದ್ದು ನೆನೀತಾ ಇದ್ರೆ ಓಡಿಹೋಗಿ ಮನೇಲಿರೋ ಕಂಬಳಿ ರಗ್ಗು ತಂದು ಹೊದಿಸಬಾರದಾ?"

"ಆಗ್ಲಿ ಕಣವ್ವಾ."

ಇನ್ಸ್‌ಪೆಕ್ಷನ್ ದಿನ ಬಂತು. ಬೆಳಗ್ಗೆ ನಾಲ್ಕು ಹನಿ ಮಳೆ ಉದುರಿ ನಿಂತು, ಆಮೇಲೆ ಒಳ್ಳೇ ಬಿಸಿಲು ಬಿತ್ತು. ಹೊಂಬಾಳಮ್ಮ ಬಾಗಿಲಿಗೆ ರಂಗೋಲಿ ಬಿಟ್ಟಳು, ಕಾಫಿಗೆ ಹಾಲು ಇಟ್ಟಳು. ಸಾಹೇಬರು ಬಂದರು. ಚೆಲುವನನ್ನು ಕಂಡ ಕೂಡಲೇ ಬಲಗೈಯನ್ನು ಪ್ಯಾಂಟಿನ ಜೇಬಿಗೆ ಸೇರಿಸಿಕೊಂಡರು. ಕೆಳಗಿನ ಪೆಟ್ಟಿಗೆ ತೆಗೆಸಿ, ತಂತಿಗೆ ಕರೆಂಟ್ ಅಳೆಯುವ ಕಡ್ಡಿ ಮುಟ್ಟಿಸಿ ನೋಡಿದರು.

"ಸೊನ್ನೆ."

"ಅಂದ್ರೆ ಸ್ವಾಮಿ?"

"ಅಂದ್ರೆ ಸೊನ್ನೆ ಅಮ್ಮಾ. ನಿಮ್ಮ ತಾರಸಿಯಿಂದ ಒಂದು ಇರುವೆ ಕಚ್ಚುವಷ್ಟು ಕರೆಂಟೂ ಬರ್ತಿಲ್ಲ."

ಎಲ್ಲರೂ ತಾರಸಿ ಹತ್ತಿದರು. ಹತ್ತಿ ನೋಡಿದರೆ ನಾಲ್ಕು ಪ್ಯಾನೆಲ್ಲೂ ಬೆಚ್ಚಗೆ ಹೊದ್ದು ಮಲಗಿವೆ! ಒಂದಕ್ಕೆ ಕಂಬಳಿ, ಒಂದಕ್ಕೆ ರಗ್ಗು, ಒಂದಕ್ಕೆ ಕೌದಿ. ನಾಲ್ಕನೆಯದಕ್ಕೆ ಹೊದಿಕೆ ಸಾಲದೆ ಹೊಂಬಾಳಮ್ಮನ ಧಾರೆ ಸೀರೆ. ಗಾಳಿಗೆ ಹಾರದಿರಲಿ ಎಂದು ಸುತ್ತಲೂ ಕಲ್ಲು.

"ಮಳೆ ಬಂತಲ್ಲವ್ವಾ. ಬಿಸಿಲಿಗಿಟ್ಟದ್ದು ನೆನೀತಿತ್ತು. ನೀನೇ ಅಂದ್ಯಲ್ಲ" ಎಂದ ಚೆಲುವ. ಮುಖದಲ್ಲಿ ಏನು ಸಂತೋಷ! ಬಹುಮಾನ ಕೊಡುತ್ತಾರೇನೋ ಅಂತ ಸಾಹೇಬರ ಕಡೆ ನೋಡಿದ.

ಸಾಹೇಬರು ಕಾಫಿ ಕುಡಿಯಲಿಲ್ಲ. "ನೋಡಿ ಅಮ್ಮಾ, ನನಗೆ ಬೇರೆ ಊರಿಗೆ ವರ್ಗ ಆಗಿದೆ. ಸೋಮವಾರ ಮಧ್ಯಾಹ್ನ ಚಾರ್ಜ್ ಬಿಟ್ಟುಕೊಟ್ಟು ಹೊರಡ್ತೀನಿ. ಬೆಳಗ್ಗೆ ಒಂದು ಸಲ ಬರ್ತೀನಿ, ಅದೇ ಕೊನೆ. ಆಗಲೂ ಹೀಗೇ ಇದ್ದರೆ, ಹೊಸಬರು ಯಾವಾಗ ಬರ್ತಾರೋ ನಿಮ್ಮ ಅರ್ಜಿ ಯಾವಾಗ ನೋಡ್ತಾರೋ, ನನಗೆ ಗೊತ್ತಿಲ್ಲ" ಎಂದು ಇಳಿದು ಹೋದರು.

ಹೊಂಬಾಳಮ್ಮ ಮೆಟ್ಟಿಲ ಮೇಲೆ ಕುಸಿದು ಕೂತಳು. ಎಷ್ಟು ವರ್ಷದಿಂದ ಈ ಗ್ರೈಂಡರಿಗೆ ದುಡಿದು ಹಾಕಿದ್ದಳು! ತಲೆಯ ಮೇಲೇ ಬಿಸಿಲಿತ್ತು, ಬಿಸಿಲಿಗೆ ಹಿಡಿದ ಪ್ಯಾನೆಲ್ಲಿತ್ತು, ಕೈಗೆ ಬಂದದ್ದು ಸೊನ್ನೆ. ದುಃಖ ಬರಬೇಕಾದ ಕಡೆ ಅವಳಿಗೆ ಮಾತು ಬಂತು. ಅದೇ ಅವಳ ರೋಗ.

"ಏನ್ಲಾ, ಹೊದಿಸಿ ಮಲಗ್ಸೋಕೆ ಅವೇನು ನಿನ್ನ ಮಕ್ಕಳಾ? ಅಷ್ಟೊಂದು ಕರುಳು ಚುರ್ ಅಂದ್ರೆ ಬಿಚ್ಚಿ ತಂದು ನಿನ್ನ ಮಂಚದ ಮೇಲೆ ಮಲಗಿಸ್ಕೋ! ಜೋಗುಳಾನೂ ಹಾಡು!"

"ಆಗ್ಲಿ ಕಣವ್ವಾ."

ಆ "ಆಗ್ಲಿ" ಅವಳ ಕಿವಿಗೆ ಬೀಳಲಿಲ್ಲ. ಅಷ್ಟರಲ್ಲಿ ಗಿರಾಕಿ ಕೂಗಿದರು, ಅವಳು ಇಳಿದು ಹೋಗಿ ಗ್ರೈಂಡರು ಹಾಕಿದಳು. ಗರಗರದ ನಡುವೆ ತಾರಸಿಯಿಂದ ಟಣಟಣ ಸದ್ದು ಕೇಳಿತು. ಕಲ್ಲು ಎತ್ತಿಡ್ತಿದಾನೆ, ಕಂಬಳಿ ಮಡಚ್ತಿದಾನೆ ಅಂದುಕೊಂಡಳು. ಸಂಜೆ ಮಗ ಕೆಳಗೆ ಬಂದಾಗ, ಈ ಸಲ ಬಹಳ ಯೋಚಿಸಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಕೇಳ್ಲಾ ಮಗಾ. ತಾರಸಿ ಬಾಗಿಲಿಗೆ ಬೀಗ ಹಾಕು. ಕೀಲಿಕೈ ಉಡಿದಾರಕ್ಕೆ ಕಟ್ಕೋ. ಸಾಹೇಬ್ರು ಬಂದು ನೋಡಿ ಸರಿ ಅನ್ನೋ ತನಕ ಒಂದು ನರಪಿಳ್ಳೆನೂ ಮೇಲೆ ಬಿಡಬೇಡ. ಗೌರಕ್ಕ ಸಂಡಿಗೆ ಹಾಕ್ತೀನಿ ಅಂತಾಳೆ, ಬಿಡಬೇಡ. ನಾನೇ ಬಂದು ಬೇಡ್ಕೊಂಡ್ರೂ ಬಿಡಬೇಡ. ನೀನೂ ಹೋಗಬೇಡ!"

"ಆಗ್ಲಿ ಕಣವ್ವಾ."

ಈ ಸಲ ಎಲ್ಲೂ ಸಂದಿಲ್ಲ ಅಂದುಕೊಂಡಳು ಹೊಂಬಾಳಮ್ಮ. ಎಲ್ಲ ಕಡೆಯಿಂದಲೂ ಮುಚ್ಚಿದ್ದೇನೆ, ಇಲಿ ನುಸುಳಲಿಕ್ಕೂ ಜಾಗವಿಲ್ಲ. ಮಗ ಆವತ್ತಿನಿಂದ ಕೋಣೆಯ ಬಾಗಿಲೆಳೆದುಕೊಂಡು ಬಂದು ಜಗಲಿಯಲ್ಲಿ, ಬರೀ ನೆಲದ ಮೇಲೆ ಮಲಗತೊಡಗಿದ. ಕಾವಲಿಗೆ ಮಲಗ್ತಾನೆ, ಎಂಥ ಜವಾಬ್ದಾರಿ ಬಂತು ನನ್ನ ಕಂದನಿಗೆ ಎಂದು ತಾಯಿಯ ಕಣ್ಣು ತುಂಬಿತು.

ಸೋಮವಾರ ಬಂತು. ಸಾಹೇಬರೂ ಬಂದರು. ಕಾರಿನ ತುಂಬ ಪಾತ್ರೆ, ಹಾಸಿಗೆ, ತುಳಸಿ ಕುಂಡ, ಊರು ಬಿಡುವ ಗಡಿಬಿಡಿ. "ಹೋದ ಸಲ ಕೆಳಗೆ ಶುರುಮಾಡಿ ಕೆಟ್ಟೆ. ಈ ಸಲ ಮೊದಲು ತಾರಸಿ" ಎಂದು ಮೆಟ್ಟಿಲು ಹತ್ತಿದರು. ಮೇಲೆ ಬಾಗಿಲಿಗೆ ಅಡ್ಡಲಾಗಿ ಚೆಲುವ ನಿಂತಿದ್ದ, ಕೋಟೆ ಬಾಗಿಲಿನ ಭಟನ ಹಾಗೆ.

"ತೆಗಿಯಪ್ಪಾ."

"ಆಗಲ್ಲ ಸ್ವಾಮಿ. ಸಾಹೇಬ್ರು ಬಂದು ನೋಡಿ ಸರಿ ಅನ್ನೋ ತನಕ ಯಾರನ್ನೂ ಬಿಡೋ ಹಾಗಿಲ್ಲ."

"ನಾನೇ ಕಣಯ್ಯಾ ಸಾಹೇಬ!"

"ಗೊತ್ತು ಸ್ವಾಮಿ. ಆದ್ರೆ ನೀವಿನ್ನೂ ನೋಡಿಲ್ವಲ್ಲ?"

"ನೋಡೋಕೇ ಬಂದಿದೀನಿ!"

"ನೋಡಿದ ಮೇಲೆ ಬನ್ನಿ ಸ್ವಾಮಿ, ಬಿಡ್ತೀನಿ."

ಸಾಹೇಬರು ಹೊಂಬಾಳಮ್ಮನನ್ನು ನೋಡಿದರು. ಹೊಂಬಾಳಮ್ಮ ತಾನು ಆಡಿದ ಮಾತನ್ನು ತಲೆಯಲ್ಲೇ ಹಿಂದೆಮುಂದೆ ತಿರುಗಿಸಿ ನೋಡಿದಳು. ಅಯ್ಯಯ್ಯೋ, ಅದು ಸರಿಯಾಗಿ ಹಾಗೇ ಇತ್ತು! ಇಲಿ ನುಸುಳದ ಹಾಗೆ ಮುಚ್ಚಿದವಳು ಸಾಹೇಬರನ್ನೂ ಹೊರಗೇ ಬಿಟ್ಟು ಮುಚ್ಚಿದ್ದಳು.

"ತೆಗಿಯೋ, ನಿನ್ನ ದಮ್ಮಯ್ಯ! ನಾನೇ ಬೇಡ್ಕೋತಿದೀನಿ!"

"ಬೇಡ್ಕೊಂಡ್ರೂ ಬಿಡಬೇಡ ಅಂತ ನೀನೇ ಅಂದ್ಯಲ್ಲವ್ವಾ."

ಬೈದರು, ಜಗ್ಗಲಿಲ್ಲ. ದಬ್ಬಿದರು, ಅಲುಗಲಿಲ್ಲ. ಕಾರಿನಿಂದ ಸಾಹೇಬರ ಹೆಂಡತಿ ಹಾರನ್ ಹೊಡೆದರು. ಬಿಸಿಲು ಏರಿತು, ಸಾಹೇಬರ ಬೋಳುತಲೆ ಹೊಳೆಯಿತು. ಕೊನೆಗೆ ಅವರೇ ಸೋತು ಕೇಳಿದರು, "ನೋಡಿದೆ, ಸರಿ ಇದೆ ಅಂತ ಬರೆದು ಸೀಲು ಹಾಕಿದರೆ ಬಿಡ್ತೀಯಾ?"

"ಧಾರಾಳವಾಗಿ ಬಿಡ್ತೀನಿ ಸ್ವಾಮಿ."

ಸಾಹೇಬರು ಮೆಟ್ಟಿಲ ಮೇಲೇ ಕೂತರು. ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಬರೆದರು. ಬರೆದದ್ದನ್ನು ಹೊಂಬಾಳಮ್ಮ ಮಗನಿಗೆ ಗಟ್ಟಿಯಾಗಿ ಓದಿ ಹೇಳಿದಳು: "ಪ್ಯಾನೆಲ್ಲುಗಳು ತಾರಸಿಯ ಮೇಲೆ ಭದ್ರವಾಗಿ ಇವೆ. ಖುದ್ದಾಗಿ ಪರಿಶೀಲಿಸಲಾಗಿದೆ." ಸಹಿ ಬಿತ್ತು. ಸೀಲು ಬಿತ್ತು. ಚೆಲುವ ಕೀಲಿಕೈ ಬಿಚ್ಚಿ ಬಾಗಿಲು ತೆರೆದು ಪಕ್ಕಕ್ಕೆ ಸರಿದು ನಿಂತ. "ಈಗ ಬನ್ನಿ ಸ್ವಾಮಿ."

ಹೋದರು. ಹೋದವರು ನೋಡುತ್ತಾರೆ, ಕಬ್ಬಿಣದ ಕಾಲುಗಳ ಮೇಲೆ ಕಾಗೆಯೊಂದು ಕೂತಿದೆ. ಪ್ಯಾನೆಲ್ಲಿಲ್ಲ! ಒಂದೂ ಇಲ್ಲ!

"ಎಲ್ಲಿ?" ಸಾಹೇಬರ ದನಿ ಬಾವಿಯಿಂದ ಬಂದ ಹಾಗಿತ್ತು.

"ಮೆಲ್ಲಗೆ ಮಾತಾಡಿ ಸ್ವಾಮಿ. ಕೆಳಗೆ ನನ್ನ ಮಂಚದ ಮೇಲೆ ಮಲಗವೆ."

"ಎಲ್ಲಿ!"

"ಬಿಚ್ಚಿ ತಂದು ಮಲಗಿಸ್ಕೋ ಅಂದ್ಳು ಅವ್ವ. ನಂಗೇ ಜಾಗ ಸಾಲ್ದೆ ಜಗಲೀಲಿ ಮಲಗ್ತಿದೀನಿ. ಜೋಗುಳ ಮಾತ್ರ ಬರಲ್ಲ ಸ್ವಾಮಿ, ಸುಮ್ನೆ ತಟ್ಟಿದೆ."

ಹೊಂಬಾಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗನನ್ನು ಬೈಯೋಣವೆಂದರೆ ಯಾವ ಮಾತಿನಿಂದ ಬೈಯುವುದು? ಅವನು ಮಾಡಿದ್ದಕ್ಕೆಲ್ಲ ಮಾತು ಕೊಟ್ಟವಳು ಅವಳೇ. ಹಿಟ್ಟು ಹಳಸಿದರೆ ಪಾತ್ರೆಯನ್ನು ಬೈದು ಏನು ಬಂತು?

ಸಾಹೇಬರು ಖಾಲಿ ತಾರಸಿ ನೋಡಿದರು. ಕೈಯಲ್ಲಿದ್ದ ಕಾಗದ ನೋಡಿದರು. ಅದರಲ್ಲಿ ಅವರದೇ ಅಕ್ಷರ, ಅವರದೇ ಸೀಲು, "ಖುದ್ದಾಗಿ". ಹರಿಯೋಣವೆಂದರೆ ಸೀಲು ಬಿದ್ದ ಕಾಗದ, ಬಿಡೋಣವೆಂದರೆ ಮುಂದೆ ಬಂದು ನೋಡುವ ಹೊಸ ಸಾಹೇಬ. ಮಂಗಳಾರತಿ ತಟ್ಟೆ ಹಿಡಿದವರ ಹಾಗೆ ಆ ಕಾಗದ ಹಿಡಿದುಕೊಂಡು ಒಂದು ಸುತ್ತು ತಿರುಗಿದರು. ಆಮೇಲೆ ಅಂಗಿಯ ತೋಳು ಮೇಲೇರಿಸಿದರು.

"ದಸ್ತಗೀರನನ್ನ ಕರೀರಿ! ಅಮ್ಮಾ, ನೀವು ಆ ತುದಿ ಹಿಡೀರಿ! ಲೋ ಚೆಲುವ, ಎತ್ತೋ!"

ದಸ್ತಗೀರ್ ಓಡಿ ಬಂದ. ಮಂಚದಿಂದ ತಾರಸಿಗೆ ಪ್ಯಾನೆಲ್ ಮೆರವಣಿಗೆ ಹೊರಟಿತು. ಚೆಲುವ ಒಬ್ಬನೇ ಒಂದೊಂದನ್ನು ಹೊತ್ತ. ಸಾಹೇಬರು ಕೈಯಾರೆ ಬೋಲ್ಟು ಬಿಗಿದರು, ಬೆರಳು ಜಜ್ಜಿಕೊಂಡರು, ತಂತಿ ಸಿಕ್ಕಿಸಿದ್ದನ್ನು ಎರಡೆರಡು ಸಲ ಎಳೆದು ನೋಡಿದರು. ಆ ಊರಿನಲ್ಲಿ ಅಷ್ಟು ಖುದ್ದಾಗಿ ಯಾವ ಇನ್ಸ್‌ಪೆಕ್ಷನ್ನೂ ನಡೆದಿರಲಿಲ್ಲ. ಕಾರಿನ ಹಾರನ್ನಿಗೆ ಗಂಟಲು ಕಟ್ಟುವ ಹೊತ್ತಿಗೆ ಕಡ್ಡಿ ಮುಟ್ಟಿಸಿದರು. ಸೊನ್ನೆ ಇಲ್ಲ! ಆಫೀಸಿನಿಂದ ತರಿಸಿದ ಹೊಸ ಮೀಟರು ಕೂತಿತು. ದಸ್ತಗೀರ್ ಸ್ವಿಚ್ ಹಾಕಿದ. ಗ್ರೈಂಡರು ಗರಗರ ಎಂದಿತು.

ಸಾಹೇಬರು ಕಾಫಿ ಕುಡಿದರು. "ಅಮ್ಮಾ, ನಾನು ಹೋಗೋ ಊರಿನ ಹೆಸರು ಮಾತ್ರ ನಿಮ್ಮ ಮಗನಿಗೆ ಹೇಳಬೇಡಿ" ಎಂದು ಕೈ ಮುಗಿದು ಕಾರು ಹತ್ತಿದರು. ದಸ್ತಗೀರನೂ ಹೋದ.

ಹೊಂಬಾಳಮ್ಮ ಗ್ರೈಂಡರಿನಲ್ಲಿ ಉದ್ದು ಬಿಟ್ಟು, ತನ್ನ ಭಾಗ್ಯವನ್ನು ಕಣ್ಣಾರೆ ನೋಡಲು ತಾರಸಿ ಹತ್ತಿದಳು. ನಾಲ್ಕು ಪ್ಯಾನೆಲ್ಲೂ ಬಿಸಿಲು ಕುಡಿಯುತ್ತ ಮಲಗಿದ್ದವು. ಕೆಳಗಿನಿಂದ ಗರಗರ ಕೇಳುತ್ತಿತ್ತು, ಬಿಸಿಲಿನ ಗರಗರ. ಅವಳಿಗೆ ಅಳುವೂ ಬಂತು, ನಗುವೂ ಬಂತು. ಹಿಂದೆಯೇ ಬಂದು ಬಾಗಿಲಲ್ಲಿ ನಿಂತ ಮಗನಿಗೆ ಹೇಳಿದಳು, "ನಿಂದೇನೂ ತಪ್ಪಿಲ್ಲ ಕಣ್ಲಾ ಮಗಾ. ಎಲ್ಲ ಈ ನಾಲಿಗೇದು. ಪ್ಯಾನೆಲ್ಲಿಗಲ್ಲ, ಮೊದಲು ನಂಗೆ ಇನ್ಸ್‌ಪೆಕ್ಷನ್ ಆಗಬೇಕಿತ್ತು. ಸಾಹೇಬ್ರು ಬಂದು ನೋಡಿ ಸರಿ ಅನ್ನೋ ತನಕ ನನ್ನನ್ನೇ ಇಲ್ಲಿ ಕೂಡಿಹಾಕಿ ಬೀಗ ಜಡೀಬೇಕು!"

"ಆಗ್ಲಿ ಕಣವ್ವಾ."

ಟಕ್.

"ಲೋ! ಚೆಲುವಾ! ತೆಗಿಯೋ!"

"ಸಾಹೇಬ್ರು ಬರ್ಲಿ ಕಣವ್ವಾ."

"ಸಾಹೇಬ್ರು ಊರು ಬಿಟ್ಟು ಹೋದ್ರಲ್ಲೋ!"

"ಹೊಸಬ್ರು ಬರ್ತಾರಂತೆ. ಅವರು ನೋಡಿ ಸರಿ ಅಂದ್ರೆ ತೆಗೀತೀನಿ."

ಕೆಳಗೆ ಗಿರಾಕಿ ಕೂಗಿದರು, "ಹೊಂಬಾಳಮ್ಮಾ, ಹಿಟ್ಟು!" ಚೆಲುವ ಉತ್ತರ ಕೊಟ್ಟದ್ದು ಕೇಳಿಸಿತು, "ಅವ್ವ ತಾರಸಿ ಮೇಲವ್ಳೆ. ಅವಳಿಗಿನ್ನೂ ಇನ್ಸ್‌ಪೆಕ್ಷನ್ ಆಗಿಲ್ಲ."

ಹೊಂಬಾಳಮ್ಮ ಪ್ಯಾನೆಲ್ಲಿನ ಕೆಳಗೆ, ಬಂಗಾರದಂಥ ನೆರಳಿನಲ್ಲಿ ಕೂತಳು. ಮೈಯೆಲ್ಲ ಸಿಟ್ಟು. ಹೊಟ್ಟೆಯೊಳಗಿನಿಂದ ಒಂದು ಮಾತು ಎದ್ದು ಬಂತು: "ಅದಕ್ಕಿಂತ ಬಂದು ನನ್ನನ್ನ ಇಲ್ಲಿಂದ ಕೆಳಕ್ಕೆ ದಬ್ಬಿಬಿಡು ಕಣ್ಲಾ!" ಗಂಟಲಿಗೆ ಬಂತು, ಹಲ್ಲಿನ ತನಕ ಬಂತು. ಮೆಟ್ಟಿಲ ಮೇಲೆ ಮಗ ಕಿವಿ ನಿಗುರಿಸಿಕೊಂಡು ಕಾದಿದ್ದ.

"ಏನಾದ್ರೂ ಅಂದ್ಯಾ ಅವ್ವಾ?"

ಹೊಂಬಾಳಮ್ಮ ಪ್ಯಾರಾಪೆಟ್ಟಿನಿಂದ ಬೀದಿ ಎಷ್ಟು ಕೆಳಗಿದೆ ನೋಡಿದಳು. ಹುಟ್ಟಿದಾಗಿನಿಂದ ಮೊದಲ ಸಲ, ನಾಲಿಗೆ ಕಚ್ಚಿಕೊಂಡಳು.

"ಏನೂ ಇಲ್ಲ ಕಣಪ್ಪಾ" ಎಂದಳು, "ಏನೇನೂ ಇಲ್ಲ."